ಯಾವ ತೋಟದ್ದು? ಯಾವಾಗ ಕಿತ್ತದ್ದು?

ಶ್ರೀಲಂಕಾದಿಂದ ಬಂದು ಮೂರು ದಿನ ಆಯಿತು. ಸಿಟ್ಟು ಇನ್ನೂ ಇಳಿದಿಲ್ಲ. ಪ್ರವಾಸ ಚೆನ್ನಾಗಿತ್ತು, ಜನ ತುಂಬಾ ಒಳ್ಳೆಯವರು. ನನ್ನ ಸಿಟ್ಟು ಏನಿದ್ದರೂ ಅಲ್ಲಿ ನಮ್ಮಂಥವರಿಗೆ ಟೀ ಮಾರುವ ರೀತಿಯ ಮೇಲೆ.

ಕ್ಯಾಂಡಿಯಿಂದ ನುವರ ಎಲಿಯಕ್ಕೆ ಹೋಗುವ ದಾರಿಯುದ್ದಕ್ಕೂ ಟೀ ಫ್ಯಾಕ್ಟರಿಗಳಿವೆ. ನಮ್ಮ ಡ್ರೈವರ್ ಒಂದರ ಮುಂದೆ ಕಾರು ನಿಲ್ಲಿಸಿದರು. ಎಲೆ ಬಾಡಿಸುವ ತೊಟ್ಟಿ, ಹೊಸೆಯುವ ಯಂತ್ರ, ಒಣಗಿಸುವ ಯಂತ್ರ, ಜರಡಿ ಎಲ್ಲವನ್ನೂ ಹತ್ತು ನಿಮಿಷದಲ್ಲಿ ತೋರಿಸಿ ಮುಗಿಸಿದರು. ಒಂದು ಕಪ್ ಟೀ ಪುಕ್ಕಟೆ ಕೊಟ್ಟರು. ಆಮೇಲೆ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಮಾವಿನಹಣ್ಣಿನ ಟೀ, ಸ್ಟ್ರಾಬೆರಿ ಟೀ, ವೆನಿಲಾ ಟೀ. ಆನೆ ಕೆತ್ತಿದ ಮರದ ಪೆಟ್ಟಿಗೆಯಲ್ಲಿ ಟೀ. ಎಲ್ಲ ಪೆಟ್ಟಿಗೆಯ ಮೇಲೂ ಬುಟ್ಟಿ ಹೊತ್ತು ನಗುವ ಹೆಂಗಸಿನ ಚಿತ್ರ.

ನಾನು ಕೇಳಿದ್ದು ಎರಡೇ ಮಾತು. ಇದು ಯಾವ ತೋಟದ್ದು? ಯಾವಾಗ ಕಿತ್ತದ್ದು?

ಕೌಂಟರಿನ ಹುಡುಗಿ ಪಾಪ, "ಸಿಲೋನ್ ಟೀ ಮೇಡಂ, ಬೆಸ್ಟ್ ಕ್ವಾಲಿಟಿ" ಎಂದಳು. ಮತ್ತೆ ಕೇಳಿದೆ. ಮತ್ತೆ ಅದನ್ನೇ ಹೇಳಿದಳು. ಅವಳ ತಪ್ಪಲ್ಲ, ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ಪೆಟ್ಟಿಗೆ ತಿರುಗಿಸಿ ನೋಡಿದೆ. ಪ್ಯಾಕ್ ಮಾಡಿದ ದಿನ ಇದೆ, ಎಲೆ ಕಿತ್ತ ದಿನ ಇಲ್ಲ. ದೇಶದ ಹೆಸರಿದೆ, ತೋಟದ ಹೆಸರಿಲ್ಲ. ಮುಚ್ಚಳ ತೆಗೆದು ಮೂಸಿ ನೋಡೋಣ ಎಂದರೆ ಅದಕ್ಕೂ ಬಿಡುವುದಿಲ್ಲ.

ಸಿಂಹದ ಗುರುತು ಇತ್ತಲ್ಲ ಎಂದು ಜೊತೆಗಿದ್ದವರು ಕೇಳಿದರು. ಇತ್ತು. ಅದು ಅಲ್ಲಿನ ಟೀ ಬೋರ್ಡಿನ ಗುರುತು. ಒಳಗಿರುವುದು ಪೂರ್ತಿ ಸಿಲೋನ್ ಟೀ, ಪ್ಯಾಕ್ ಆದದ್ದೂ ಶ್ರೀಲಂಕಾದಲ್ಲೇ ಎನ್ನುವುದಕ್ಕೆ ಭರವಸೆ. ಒಳ್ಳೆಯದೇ. ಆದರೆ ಯಾವ ಬೆಟ್ಟ, ಯಾವ ತಿಂಗಳು ಎಂದು ಸಿಂಹ ಹೇಳುವುದಿಲ್ಲ. ಟೀಯ ರುಚಿಯೆಲ್ಲ ಇರುವುದೇ ಆ ಎರಡರಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನುವರ ಎಲಿಯ ಸಮುದ್ರ ಮಟ್ಟದಿಂದ ಸುಮಾರು 1,870 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಟೀ ತಿಳಿ ಚಿನ್ನದ ಬಣ್ಣ, ಹೂವಿನ ಹಾಗೆ ತೆಳ್ಳಗಿನ ಪರಿಮಳ. ಹಾಲು ಹಾಕಿದರೆ ಸತ್ತೇ ಹೋಗುತ್ತದೆ. ದಕ್ಷಿಣದ ತಗ್ಗಿನ ರುಹುಣದ ಟೀ ಕಪ್ಪಗೆ, ಗಟ್ಟಿ. ಹಾಲು ಸಕ್ಕರೆ ಎಷ್ಟು ಹಾಕಿದರೂ ತಡೆಯುತ್ತದೆ. ಹ್ಯಾಟನ್ ಸುತ್ತಲಿನ ದಿಂಬುಲ ಕಡೆ ಒಳ್ಳೆಯ ಎಲೆ ಬರುವುದು ಜನವರಿಯಿಂದ ಮಾರ್ಚ್‌ವರೆಗೆ, ಒಣ ಚಳಿಗಾಳಿಯ ಕಾಲದಲ್ಲಿ. ಬೆಟ್ಟದ ಆಚೆ ಬದಿಯ ಊವಾದಲ್ಲಿ ಜುಲೈಯಿಂದ ಸೆಪ್ಟೆಂಬರ್. ಆಗ ಅಲ್ಲಿನ ಟೀಗೆ ಪುದೀನ ಮೂಸಿದ ಹಾಗೆ ಒಂದು ತಂಪು ವಾಸನೆ ಬರುತ್ತದೆ. ಒಂದೇ ಪುಟ್ಟ ದೇಶ, ಇಷ್ಟು ಬೇರೆ ಬೇರೆ ಟೀ. ಇದನ್ನೆಲ್ಲ ಒಂದೇ ಪೆಟ್ಟಿಗೆಗೆ ತುಂಬಿ ಮೇಲೆ ಆನೆ ಕೆತ್ತಿದರೆ ಹೊಟ್ಟೆ ಉರಿಯುವುದಿಲ್ವಾ?

ಗ್ರೇಡ್ ವಿಷಯದಲ್ಲೂ ಸುಮ್ನೆ ಗೊಂದಲ ಮಾಡುತ್ತಾರೆ. "ಓಪಿ ತಗೊಳ್ಳಿ, ಅದೇ ಮೇಲಿನ ದರ್ಜೆ" ಎಂದರು. ಓಪಿ ಅಂದರೆ ಆರೆಂಜ್ ಪೀಕೋ. ಉದ್ದ ಎಲೆ ಅಂತ ಅರ್ಥ, ಅಷ್ಟೇ. ಬಿಓಪಿ ಅಂದರೆ ಅದರ ಒಡೆದ ಎಲೆ. ಇದರಲ್ಲಿ ಕಿತ್ತಳೆ ಹಣ್ಣೂ ಇಲ್ಲ, ಗುಣದ ಅಳತೆಯೂ ಇಲ್ಲ. ಜರಡಿಯಲ್ಲಿ ಯಾವ ಗಾತ್ರಕ್ಕೆ ನಿಂತಿತು ಎನ್ನುವುದರ ಹೆಸರು ಅದು. ಒಳ್ಳೆಯ ತೋಟದ ಬಿಓಪಿ ಸಾಧಾರಣ ತೋಟದ ಓಪಿಗಿಂತ ಎಷ್ಟೋ ಮೇಲು.

"ಕೊನೆಗೆ ಹಾಲು, ಶುಂಠಿ ಹಾಕಿ ಕುದಿಸುವ ಚಾಕ್ಕೆ ಇಷ್ಟೆಲ್ಲ ಯಾಕೆ" ಎಂದು ನಮ್ಮ ಅಣ್ಣ ಫೋನಿನಲ್ಲಿ ಕೇಳಿದ. ಕುದಿಸುವ ಚಾಕ್ಕೆ ಬೇಡ, ಒಪ್ಪುತ್ತೇನೆ. ಅದಕ್ಕೆ ನಮ್ಮೂರ ಅಂಗಡಿಯ ಪುಡಿಯೇ ಸರಿ, ನಾನೂ ಬೆಳಿಗ್ಗೆ ಅದನ್ನೇ ಕುಡಿಯುವುದು. ಹತ್ತಾರು ತೋಟದ ಎಲೆ ಬೆರೆಸಿ ವರ್ಷವಿಡೀ ಒಂದೇ ರುಚಿ ಕೊಡುವುದು ದೊಡ್ಡ ಕಸುಬು, ಅದನ್ನೂ ಒಪ್ಪುತ್ತೇನೆ. ಆದರೆ ದೇಶ ದಾಟಿ, ಬೆಟ್ಟ ಹತ್ತಿ, ತೋಟದ ನಡುವೆಯೇ ನಿಂತು ದುಪ್ಪಟ್ಟು ದುಡ್ಡು ಕೊಡುವವಳಿಗೆ ತೋಟದ ಹೆಸರಾದರೂ ಹೇಳಬೇಕಲ್ವಾ? ನಮ್ಮ ಚಿಕ್ಕಮಗಳೂರಿನಲ್ಲಿ ಈಗ ಕಾಫಿ ಪ್ಯಾಕೆಟ್ಟಿನ ಮೇಲೆ ಎಸ್ಟೇಟ್, ಎತ್ತರ, ತಳಿ, ಹುರಿದ ದಿನ ಎಲ್ಲ ಬರೆಯುವವರು ಇದ್ದಾರೆ.

ನನಗೆ ಇದು ಇಷ್ಟು ತಾಗುವುದಕ್ಕೆ ಕಾರಣ ಸುಳ್ಯದವರಿಗೆ ಗೊತ್ತಿರುತ್ತದೆ.

ಸುಳ್ಯದ ನಮ್ಮ ಮನೆಯಿಂದ ಎರಡು ಮೈಲಿ ದೂರದಲ್ಲಿ ರಬ್ಬರ್ ತೋಟದ ಕಾಲೊನಿ. ಅಲ್ಲಿರುವವರು ಶ್ರೀಲಂಕಾದಿಂದ ಬಂದ ತಮಿಳರು. ಅವರ ಹಿರಿಯರನ್ನು ಬ್ರಿಟಿಷರು ತಮಿಳುನಾಡಿನಿಂದ ಆ ಬೆಟ್ಟಗಳಿಗೆ ಕೂಲಿಗೆ ಒಯ್ದಿದ್ದರು. ಮೊದಲು ಕಾಫಿಗೆ. 1869ರಲ್ಲಿ ಅಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಕಾಫಿ ನಾಶವಾದ ಮೇಲೆ ಟೀಗೆ. ಶ್ರೀಲಂಕಾಕ್ಕೆ ಸ್ವಾತಂತ್ರ್ಯ ಬಂದ 1948ರಲ್ಲೇ ಹೊಸ ಕಾನೂನು ಬಂದು ಅವರಲ್ಲಿ ಹೆಚ್ಚಿನವರಿಗೆ ಪೌರತ್ವ ಇಲ್ಲದಂತಾಯಿತು. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಲ್ಲಿ ಎರಡು ಸರ್ಕಾರಗಳು ಅವರನ್ನು ಲೆಕ್ಕ ಹಾಕಿ ಹಂಚಿಕೊಂಡವು. ಭಾರತದ ಪಾಲಿಗೆ ಬಂದವರಲ್ಲಿ ಕೆಲವರಿಗೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು.

ಆ ಕಾಲೊನಿಯ ಪಾಟಿ (ತಮಿಳಿನಲ್ಲಿ ಅಜ್ಜಿ) ಒಬ್ಬರು ನಾನು ಶಾಲೆಯಿಂದ ಬರುವಾಗ ಕರೆದು ಹಾಲಿಲ್ಲದ ಟೀ, ಜೊತೆಗೆ ಒಂದು ಚೂರು ಬೆಲ್ಲ ಕೊಡುತ್ತಿದ್ದರು. ಅವರ ಬಾಯಲ್ಲಿ ಅದು "ಪ್ಲೇನ್ ಟೀ". ಬೆಲ್ಲ ಕಚ್ಚಿಕೊಂಡು ಟೀ ಕುಡಿಯಬೇಕು. ಅವರು ಹ್ಯಾಟನ್ ಹತ್ತಿರದ ಲೈನ್ ಮನೆಯಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಯಲ್ಲಿ, ಹುಟ್ಟಿದವರು. ಹದಿನಾಲ್ಕು ವರ್ಷಕ್ಕೇ ಕೊಳುಂದು ಕೀಳಲು ಹೋದವರು. ಕೊಳುಂದು ಅಂದರೆ ಎಳೆ ಚಿಗುರು, ಎರಡು ಎಲೆ ಮತ್ತು ಒಂದು ಮೊಗ್ಗು. ಒಂದು ಕಿಲೋ ಟೀ ಆಗಬೇಕಾದರೆ ಸುಮಾರು 4.5 ಕಿಲೋ ಹಸಿ ಎಲೆ ಬೇಕು. "ಒಳ್ಳೆಯದೆಲ್ಲ ಕೊಳಂಬಿಗೆ ಹೋಗುತ್ತಿತ್ತು, ನಮಗೆ ಸಿಕ್ಕಿದ್ದು ಡಸ್ಟು" ಎನ್ನುತ್ತಿದ್ದರು. ಎಷ್ಟು ವರ್ಷ ಅವರ ಕೈಯ ಟೀ ಕುಡಿದೆ. ನಿಮ್ಮ ತೋಟದ ಹೆಸರೇನು ಪಾಟಿ ಎಂದು ನಾನೂ ಒಮ್ಮೆಯೂ ಕೇಳಿರಲಿಲ್ಲ. ಪ್ರವಾಸಕ್ಕೆ ಹೊರಡುವ ಹಿಂದಿನ ದಿನ ಅವರ ಮಗಳಿಗೆ ಫೋನ್ ಮಾಡಿ ಮೊದಲ ಬಾರಿ ಕೇಳಿದೆ. ಪಾಟಿಯೇ ಫೋನ್ ತೆಗೆದುಕೊಂಡರು. ತೋಟದ ಹೆಸರು, ಡಿವಿಷನ್ ಹೆಸರು, ಎಷ್ಟನೇ ಲೈನು, ಎಲ್ಲ ತಡೆಯಿಲ್ಲದೆ ಹೇಳಿದರು. ವಯಸ್ಸು 78.

ಅದಕ್ಕೇ ಆ ಪೆಟ್ಟಿಗೆಯ ಮೇಲಿನ ಚಿತ್ರ ನನ್ನನ್ನು ಕೆರಳಿಸಿದ್ದು. ಮಾರುವವರಿಗೆ ಕೀಳುವ ಹೆಂಗಸಿನ ನಗು ಬೇಕು. ಅವಳು ಕಿತ್ತ ತೋಟದ ಹೆಸರು ಬೇಡ.

ಆ ಫ್ಯಾಕ್ಟರಿ ನೋಡಿದ ಮರುದಿನ ಹ್ಯಾಟನ್‌ನಲ್ಲಿ ಇಳಿದು ಪೇಟೆಯಲ್ಲಿ ಅಲೆದೆ. ಅಕ್ಕಿ, ಬೇಳೆ, ಒಣಮೀನು ಮಾರುವ ಒಂದು ಸಣ್ಣ ಅಂಗಡಿ. ಹಿಂದಿನ ಸಾಲಿನಲ್ಲಿ ತಗಡಿನ ಡಬ್ಬಗಳು. ವಯಸ್ಸಾದ ಅಂಗಡಿಯವರು. ನನಗೆ ಬರುವ ಹರಕು ತಮಿಳಿನಲ್ಲೇ ಕೇಳಿದೆ, "ಅಯ್ಯಾ, ಇದು ಎಂದ ತೋಟ್ಟಂ?" ಇದು ಯಾವ ತೋಟ ಎಂದು.

ಅವರು ತಲೆ ಎತ್ತಿ ನೋಡಿದರು. ಒಂದು ಡಬ್ಬ ಇಳಿಸಿ ಬಿಳಿ ಕಾಗದದ ಮೇಲೆ ಒಂದು ಹಿಡಿ ಸುರಿದರು. "ತಂಗಚ್ಚಿ, ಮುಷ್ಟಿಯಲ್ಲಿ ಹಿಡಿದು ಬಿಸಿ ಉಸಿರು ಬಿಡು, ಆಮೇಲೆ ಮೂಸು" ಎಂದರು. ಮೂಸಿದೆ. ಒಣ ಎಲೆಯಲ್ಲಿ ಮಲಗಿದ್ದ ಪರಿಮಳ ಒಮ್ಮೆಲೇ ಎದ್ದು ಬಂತು. ತೋಟದ ಹೆಸರು ಹೇಳಿದರು. ಫೆಬ್ರವರಿ ಎಲೆ ಎಂದರು. ಬಿಓಪಿ ಎಂದರು. ಕೇಳದೆಯೇ ನೀರು ಕಾಯಿಸಿದರು, ಮೂರು ನಿಮಿಷ ಮುಚ್ಚಿಟ್ಟು ಗಾಜಿನ ಲೋಟಕ್ಕೆ ಸೋಸಿ ಕೊಟ್ಟರು. ಜೊತೆಗೆ ಒಂದು ಚೂರು ಬೈನೆ ಬೆಲ್ಲ. ಅಲ್ಲೇ ನಿಂತು ಕುಡಿಯುವಾಗ ಗಂಟಲು ಕಟ್ಟಿತು.

ಬೆಲೆ ಆ ಶೋರೂಮಿನ ಅರ್ಧವೂ ಇರಲಿಲ್ಲ. ಕಂದು ಕಾಗದದ ಪೊಟ್ಟಣದ ಮೇಲೆ ತೋಟದ ಹೆಸರು, ತಿಂಗಳು ಎರಡನ್ನೂ ಪೆನ್ನಿನಲ್ಲಿ ಬರೆದುಕೊಟ್ಟರು. ನಾನು ಕೇಳಿರಲಿಲ್ಲ. ಅದು ಪಾಟಿಯ ತೋಟವಲ್ಲ, ಅದರ ಪಕ್ಕದ್ದು. ಅಲ್ಲಿಂದ ಇಲ್ಲಿಗೆ ಒಂದು ಹೊಳೆ ಅಡ್ಡ ಎಂದರು.

ಒಂದು ಕಿಲೋ ತಂದಿದ್ದೇನೆ. ಗಾಜಿನ ಬಾಟಲಿಗೆ ಹಾಕಿಲ್ಲ, ಬೆಳಕಿಗೆ ವಾಸನೆ ಹೋಗುತ್ತದೆ. ಸ್ಟೀಲ್ ಡಬ್ಬದಲ್ಲಿ, ಮಸಾಲೆ ಸಾಮಾನಿನಿಂದ ದೂರ ಇಟ್ಟಿದ್ದೇನೆ. ಭಾನುವಾರ ಸುಳ್ಯಕ್ಕೆ ಹೋಗಿ ಅರ್ಧ ಪಾಟಿಗೆ ಕೊಡುತ್ತೇನೆ, ಆ ಕಂದು ಕಾಗದದ ಪೊಟ್ಟಣದಲ್ಲೇ. ಉಳಿದರ್ಧ ಮೈಸೂರಿನಲ್ಲಿದೆ. ಬರುವವರು ಈ ತಿಂಗಳೊಳಗೆ ಬನ್ನಿ. ಬೆಲ್ಲ ಇದೆ, ಹಾಲು ಹಾಕುವುದಿಲ್ಲ.