ಧಾರವಾಡ ಬಿಡುವ ಲೆಕ್ಕ

ಬೆಂಗಳೂರಿಗೆ ಬಂದುಬಿಡಿ ಎಂದು ಮಗಳು ಹಟ ಹಿಡಿದಂದಿನಿಂದ ಮನಸ್ಸಿನಲ್ಲೊಂದು ತಕ್ಕಡಿ ತೂಗಾಡುತ್ತಿದೆ. ಒಂದು ತಟ್ಟೆಯಲ್ಲಿ ಮೊಮ್ಮಗ, ಇನ್ನೊಂದರಲ್ಲಿ ಧಾರವಾಡ. ಮೊಮ್ಮಗನನ್ನು ತೂಗುವ ಧೈರ್ಯ ನನಗಿಲ್ಲ, ತೂಗಬೇಕಾದದ್ದು ಧಾರವಾಡವನ್ನೇ.

ಮೊದಲು ಕೈಗೆ ಸಿಕ್ಕಿದ್ದು ಪೇಡೆ. ಆದರೆ ಧಾರವಾಡ ಪೇಡೆ ಬೆಂಗಳೂರಿನಲ್ಲೂ ಸಿಗುತ್ತದೆ. ಅದೂ ಅಲ್ಲದೆ, ಪ್ಲೇಗಿನ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು ಇಲ್ಲಿ ಮಾಡತೊಡಗಿದ ಸಿಹಿ ಅದು. ಊರು ಬಿಟ್ಟು ಬಂದವರ ಕೈಯ ತಿಂಡಿಯನ್ನು ಮುಂದಿಟ್ಟುಕೊಂಡು ಊರು ಬಿಡಲಾರೆ ಎನ್ನಲು ನಾಚಿಕೆಯಾಯಿತು. ಇಳಿಸಿದೆ.

ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ? ಅಲ್ಲಿ ಖಾನಾವಳಿಗಳಿಗೇನೂ ಬರವಿಲ್ಲ. ಹವೆ? ಬೆಂಗಳೂರು ನಮಗಿಂತ ಎತ್ತರದಲ್ಲಿದೆ, ಸಂಜೆಗಳು ಅಲ್ಲೂ ತಂಪು. ಸಾಧನಕೇರಿ? ಬೇಂದ್ರೆಯವರ ಮನೆಯ ಬಳಿಯ ಆ ಕೆರೆಗೆ ನಾನು ಹೋಗುವುದು ಪರವೂರಿನ ನೆಂಟರು ಬಂದಾಗ ಮಾತ್ರ. ಇನ್ನು ನಾನೇ ನೆಂಟನಾಗಿ ಬಂದು ನೋಡಿದರಾಯಿತು. 2023ರಿಂದ ವಂದೇ ಭಾರತ್ ರೈಲೂ ಇದೆ.

ಹೆಸರಾದವೆಲ್ಲ ಇಳಿದರೂ ತಟ್ಟೆ ಮಾತ್ರ ಮೇಲೇಳಲಿಲ್ಲ. ಬಗ್ಗಿ ನೋಡಿದರೆ ತಳದಲ್ಲಿ ಕುಳಿತದ್ದು ನಳದ ನೀರು! ಸವದತ್ತಿಯ ರೇಣುಕಾಸಾಗರದಿಂದ ಬರುವ ಮಲಪ್ರಭೆ ನಮ್ಮ ಓಣಿಗೆ ದಯಮಾಡಿಸುವುದು ವಾರಕ್ಕೊಮ್ಮೆ, ಅದೂ ಹೊತ್ತುಗೊತ್ತಿಲ್ಲದೆ. ಮೊದಲು ನಳ ಗೊರಗೊರ ಎಂದು ಗಾಳಿ ಉಗುಳುತ್ತದೆ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ. ಆ ಗೊರಗೊರ ಮೊದಲು ಯಾರ ಕಿವಿಗೆ ಬಿತ್ತೋ ಅವರು ಪಕ್ಕದ ಮನೆಯ ಬಾಗಿಲು ಬಡಿಯಬೇಕು. ಪಕ್ಕದವರೊಡನೆ ಮಾತು ಬಿಟ್ಟಿದ್ದರೂ ಬಡಿಯಲೇಬೇಕು. ಬಡಿದು ಸುಮ್ಮನೆ ಬಂದರಾಯಿತು. ರಾತ್ರಿ ಎರಡು ಗಂಟೆಗೆ ಲುಂಗಿ ಎತ್ತಿಕಟ್ಟಿ, ಹಂಡೆ, ಕೊಡ, ಡ್ರಮ್ಮುಗಳ ನಡುವೆ ನಿಂತು ಕಾಂಪೌಂಡ್ ಗೋಡೆಯ ಮೇಲಿಂದ ಆಡಿದ ಮಾತಿಗೆ ಲೆಕ್ಕವಿಲ್ಲ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಸಕ್ಕರೆ ಕಾಯಿಲೆ ಎಷ್ಟಕ್ಕೇರಿತು, ಎಲ್ಲ ತಿಳಿದದ್ದು ಅಲ್ಲೇ. ಬೈಯುತ್ತ ಎದ್ದವನು ನೀರು ನಿಂತ ಮೇಲೂ ಒಳಗೆ ಬರುತ್ತಿರಲಿಲ್ಲ.

ಇದನ್ನು ಹೆಂಡತಿಗೆ ಹೇಳಿದೆ. "ಮಾತಾಡಿದವರು ನೀವು, ಕೊಡ ಎತ್ತಿದವಳು ನಾನು" ಎಂದಳು. ಅವಳ ತಕ್ಕಡಿಯಲ್ಲಿ ಅದೇ ನೀರು ಎದುರು ತಟ್ಟೆಯಲ್ಲಿದೆ. ಮಗಳ ಅಪಾರ್ಟ್‌ಮೆಂಟಿನಲ್ಲಿ ಯಾವಾಗ ತಿರುಗಿಸಿದರೂ ನೀರು ಬರುತ್ತದೆಂಬುದೇ ಅವಳಿಗೆ ಅರ್ಧ ಸ್ವರ್ಗ. 2024ರ ಬೇಸಿಗೆಯಲ್ಲಿ ಬೆಂಗಳೂರು ಟ್ಯಾಂಕರಿಗಾಗಿ ಪರದಾಡಿದ್ದನ್ನು ಮೆಲ್ಲನೆ ನೆನಪಿಸಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಈಗ ಒಪ್ಪಂದವಾಗಿದೆ: ನನ್ನ ಪುಸ್ತಕಗಳಲ್ಲಿ ಅರ್ಧ ಇಲ್ಲೇ ಉಳಿಯುತ್ತವೆ, ನೀಲಿ ಡ್ರಮ್ಮು ಲಾರಿ ಹತ್ತುತ್ತದೆ.