ಅಲ್ಲಿ ಬಿಚ್ಚುತ್ತಾರೆ, ಇಲ್ಲಿ ಅಳೆಯುತ್ತಾರೆ

ಕಾರಿನ ಬ್ಯಾಟರಿ ಪದೇಪದೇ ಇಳಿದುಹೋಗುತ್ತಿದ್ದರೆ ತಿಪಟೂರಿನಲ್ಲಿ ಒಂದು ದಾರಿ, ನಾನಿರುವ ಮಿಶಿಗನ್‌ನಲ್ಲಿ ಇನ್ನೊಂದು ದಾರಿ. ಊರಲ್ಲಿ ಆಟೋ ಎಲೆಕ್ಟ್ರಿಷಿಯನ್ ಡೈನಮೋ (ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ, ಇಲ್ಲಿಯವರ ಬಾಯಲ್ಲಿ ಆಲ್ಟರ್ನೇಟರ್) ಇಳಿಸಿ, ಬಿಚ್ಚಿ, ಒಳಗೆ ಸವೆದದ್ದನ್ನು ಮಾತ್ರ ಬದಲಾಯಿಸಿ ಕೊಡುತ್ತಾನೆ. ಇಲ್ಲಿ ಯಾರೂ ಬಿಚ್ಚುವುದಿಲ್ಲ. ಮೀಟರ್ ಹಾಕಿ ನೋಡುತ್ತಾರೆ, ಇಡೀ ಆಲ್ಟರ್ನೇಟರನ್ನೇ ಎತ್ತಿ ಬೇರೆ ಕೂರಿಸುತ್ತಾರೆ. ಕೈಕೆಲಸದಲ್ಲಿ ನಮ್ಮೂರಿನವರೇ ಮುಂದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬಿಚ್ಚುವ ಮೊದಲು ಅಳೆಯುವ ಅಭ್ಯಾಸ ಅವರಿಗೂ ಬೇಕು. ಬ್ಯಾಟರಿ ಮಾರುವವರಿಗಂತೂ ಬೇಕೇ ಬೇಕು.

ಮೊದಲು ಇಲ್ಲಿಯದನ್ನು ಹೇಳುತ್ತೇನೆ. ಜನವರಿಯಲ್ಲಿ ಮೈನಸ್ 15 ಡಿಗ್ರಿಗೆ ಇಳಿಯುವ ಬೆಳಗುಗಳಿರುತ್ತವೆ. ಆ ಚಳಿಗೆ ಬ್ಯಾಟರಿಯ ಕಸುವು ಹೆಚ್ಚುಕಮ್ಮಿ ಅರ್ಧವಾಗುತ್ತದೆ. ಇಂಜಿನ್ ಆಯಿಲ್ ಗಟ್ಟಿಯಾಗಿರುವುದರಿಂದ ಸ್ಟಾರ್ಟರ್ ಮೋಟರ್‌ಗೆ ಮಾತ್ರ ಜಾಸ್ತಿ ಕರೆಂಟ್ ಬೇಕು. ಹಾಗಾಗಿ ಇಲ್ಲಿ ಬ್ಯಾಟರಿ ಕೊಳ್ಳುವವರು ಸಿಸಿಎ (ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್) ನಂಬರ್ ನೋಡುತ್ತಾರೆ. ಮೈನಸ್ 18 ಡಿಗ್ರಿಯಲ್ಲಿ 30 ಸೆಕೆಂಡ್ ಕಾಲ, ವೋಲ್ಟೇಜ್ 7.2ಕ್ಕಿಂತ ಕೆಳಗೆ ಬೀಳದ ಹಾಗೆ, ಎಷ್ಟು ಆಂಪಿಯರ್ ಕೊಡಬಲ್ಲದು ಅನ್ನುವ ಲೆಕ್ಕ ಅದು. ತಿಪಟೂರಿನಲ್ಲಿ ಅದನ್ನು ಯಾರು ಕೇಳುತ್ತಾರೆ? ಅಲ್ಲಿ ಬ್ಯಾಟರಿಯ ಆಯಸ್ಸು ತಿನ್ನುವುದು ಬಿಸಿಲು.

ಕಾರು ಸ್ಟಾರ್ಟ್ ಆಗದಿದ್ದರೆ ಪಕ್ಕದ ಮನೆಯವರ ಕಾರಿನಿಂದ ಜಂಪರ್ ಕೇಬಲ್ ಹಾಕಿ ಎಬ್ಬಿಸಿ, ಬಿಡಿಭಾಗಗಳ ಅಂಗಡಿಗೆ ಓಡಿಸಿಕೊಂಡು ಹೋಗುವುದು ಇಲ್ಲಿಯ ವಾಡಿಕೆ. ಕೌಂಟರಿನ ಹುಡುಗ ಕೈಯಲ್ಲಿ ಹಿಡಿಯುವ ಟೆಸ್ಟರ್ ತಂದು, ಬಾನೆಟ್ ಎತ್ತಿಸಿ ಎರಡು ಕ್ಲಿಪ್ ಹಾಕಿ, ಹೆಡ್‌ಲೈಟ್ ಆನ್ ಮಾಡಿಸಿ, ರೇಸ್ ಮಾಡಿಸಿ, ಚೀಟಿ ಪ್ರಿಂಟ್ ತೆಗೆದು ಕೊಡುತ್ತಾನೆ. ದೊಡ್ಡ ಅಂಗಡಿಗಳಲ್ಲಿ ಇದಕ್ಕೆ ದುಡ್ಡಿಲ್ಲ. ಆಲ್ಟರ್ನೇಟರ್ ಹೋಗಿದ್ದರೆ ಅಲ್ಲೇ ಮಾರುತ್ತಾರೆ. ಹಳೆಯದನ್ನು ತಂದುಕೊಡಲಿ ಅಂತ ಬೆಲೆಯ ಮೇಲೆ ಡಿಪಾಸಿಟ್ ಹಿಡಿಯುತ್ತಾರೆ, ತಂದುಕೊಟ್ಟರೆ ವಾಪಸ್. ಆ ಹಳೆಯದು ಫ್ಯಾಕ್ಟರಿಗೆ ಹೋಗಿ ಬ್ರಷ್ (ತಿರುಗುವ ಭಾಗಕ್ಕೆ ಉಜ್ಜಿಕೊಂಡು ಕರೆಂಟ್ ಕೊಡುವ ಕಾರ್ಬನ್ ತುಂಡು), ಬೇರಿಂಗ್, ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಬದಲಾಯಿಸಿಕೊಂಡು ಹೊಸ ಡಬ್ಬಿಯಲ್ಲಿ ಬರುತ್ತದೆ. ಅಂದರೆ ಬಿಚ್ಚುವ ಕೆಲಸ ಇಲ್ಲೂ ಇದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಗ್ಯಾರೇಜಿನ ಕೂಲಿ ಗಂಟೆಗೆ 100 ಡಾಲರ್ ದಾಟಿರುವ ಕಡೆ ಎರಡು ಕಾರ್ಬನ್ ಬ್ರಷ್‌ಗಾಗಿ ಮೆಕ್ಯಾನಿಕ್ ಕೂತು ಬಿಚ್ಚಿದರೆ ಯಾರಿಗೂ ಗಿಟ್ಟುವುದಿಲ್ಲ. ಲೈಫ್‌ಟೈಮ್ ವಾರಂಟಿ ಅಂತ ಬೇರೆ ಬರೆದಿರುತ್ತಾರೆ. ಕೆಟ್ಟಾಗಲೆಲ್ಲ ಬೇರೆ ಕೊಡುತ್ತಾರೆ, ನಿಜ. ಬಿಚ್ಚಿ ಹಾಕುವ ಕೂಲಿ ಯಾರದು? ನಮ್ಮದೇ ಅಲ್ವಾ!

ಆ ಚೀಟಿಯನ್ನು ಕಣ್ಣುಮುಚ್ಚಿ ನಂಬುವುದೂ ತಪ್ಪು. ಇಲ್ಲಿಯ ನನ್ನ ಸ್ನೇಹಿತರೊಬ್ಬರು ಚೀಟಿ ನೋಡಿ ಆಲ್ಟರ್ನೇಟರ್ ಬದಲಾಯಿಸಿದರು. ಚಳಿಗಾಲ ಮುಗಿಯುವುದರೊಳಗೆ ಮತ್ತದೇ ರಾಗ. ಇನ್ನೊಂದು ತಂದು ಹಾಕಿದರು, ಅದೂ ಹಾಗೇ. ಆಮೇಲೆ ಅವರ ಮನೆ ಮುಂದೆ ಕಾರು ಸ್ಟಾರ್ಟ್ ಮಾಡಿ, ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಎಲ್ಲ ಆನ್ ಮಾಡಿ ಮಲ್ಟಿಮೀಟರ್ ಹಿಡಿದೆವು. ಬ್ಯಾಟರಿ ಮೇಲೆ 13 ವೋಲ್ಟ್. ಆಲ್ಟರ್ನೇಟರಿನ ಔಟ್‌ಪುಟ್ ಬೋಲ್ಟಿಗೂ ಅದರ ಮೈಗೂ ನಡುವೆ 14.4. ಹುಟ್ಟುವ ಕಡೆ ಇದೆ, ಮುಟ್ಟುವ ಕಡೆ ಇಲ್ಲ. ಮೀಟರಿನ ಕೆಂಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಕಪ್ಪು ಕಡ್ಡಿ ಆಲ್ಟರ್ನೇಟರ್ ಮೈಗೆ ಇಟ್ಟರೆ 1.3 ವೋಲ್ಟ್ ತೋರಿಸಿತು. ಅಲ್ಲಿ ದಾರಿಯಲ್ಲಿ ಕಳೆದುಹೋಗುವುದು 0.2ಕ್ಕಿಂತ ಜಾಸ್ತಿ ಇರಬಾರದು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು, ಇಂಜಿನ್‌ನಿಂದ ಕಾರಿನ ಮೈಗೆ ಬರುವ ಅರ್ತ್ ಪಟ್ಟಿಯನ್ನು ಹಸಿರು ಪುಡಿ ಮಾಡಿಬಿಟ್ಟಿತ್ತು. ಹೊಸ ಕೇಬಲ್ ಹಾಕಿ, ಬೋಲ್ಟ್ ಕೂರುವ ಜಾಗವನ್ನು ತಂತಿ ಬ್ರಷ್‌ನಲ್ಲಿ ಉಜ್ಜಿದ ಮೇಲೆ ಸರಿಹೋಯಿತು. ಟೆಸ್ಟರ್ ಸುಳ್ಳು ಹೇಳಿರಲಿಲ್ಲ. ಬ್ಯಾಟರಿಗೆ ಚಾರ್ಜ್ ಬರುತ್ತಿಲ್ಲ ಅಂದಿತ್ತು, ಯಾಕೆ ಅಂತ ಅದಕ್ಕೆ ಗೊತ್ತಿರಲಿಲ್ಲ. ಬದಲಾಯಿಸುವ ಸುಖಕ್ಕೆ ಬಿದ್ದವರು ಆ ಪ್ರಶ್ನೆ ಕೇಳುವುದೂ ಇಲ್ಲ.

ಈಗ ತಿಪಟೂರು. ರಜೆಗೆ ಹೋದಾಗ ಭಾವನ ಹಳೇ ಕಾರಿಗೆ ಇದೇ ರೋಗ. ಬ್ಯಾಟರಿ ಅಂಗಡಿಯವರು ಹಳೆಯದನ್ನು ಎಕ್ಸ್‌ಚೇಂಜ್ ತಗೊಂಡು ಹೊಸದು ಹಾಕಿ ಕಳಿಸಿದ್ದರು. ತಿಂಗಳೊಳಗೆ ಹೊಸದೂ ಮಲಗಿತು.

"ಭಾವ, ಬ್ಯಾಟ್ರಿ ಹಾಕೋಕೆ ಮುಂಚೆ ಗಾಡಿ ಸ್ಟಾರ್ಟ್ ಮಾಡಿಸಿ ವೋಲ್ಟೇಜ್ ಏನಾದ್ರೂ ನೋಡಿದ್ರಾ?"

"ಅದೆಲ್ಲ ಯಾರು ನೋಡ್ತಾರಪ್ಪ. ಬ್ಯಾಟ್ರಿ ಹೋಗೈತೆ ಅಂದ್ರು, ಹಾಕ್ಸಿದೆ."

ಇದೇ ನನ್ನ ತಕರಾರು. ಇಂಜಿನ್ ಆಫ್ ಆಗಿ ಒಂದಷ್ಟು ಹೊತ್ತು ಬಿಟ್ಟ ಬ್ಯಾಟರಿ 12.6 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗೆ ಹೋದರೆ ಖಾಲಿಯೇ ಅನ್ನಿ. ಇಂಜಿನ್ ಓಡುವಾಗ 13.8ರಿಂದ 14.5ರ ಆಸುಪಾಸು ಇರಬೇಕು. ಓಡುವಾಗಲೂ 12ರ ಮೇಲೆ ಏಳದಿದ್ದರೆ ಚಾರ್ಜ್ ಬರುತ್ತಿಲ್ಲ. 15 ದಾಟಿದರೆ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತಿದೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಸಂಶಯವೇ ಬೇಡ. ಎರಡು ನಿಮಿಷದ ಕೆಲಸ. ಸಾವಿರಗಟ್ಟಲೆ ರೂಪಾಯಿಯ ಬ್ಯಾಟರಿ ಮಾರುವವರು ಅಷ್ಟನ್ನೂ ಮಾಡದೆ ಕಳಿಸುವುದು ಎಷ್ಟು ಸರಿ?

ಕೊನೆಗೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆವು. ಆತ ಮೀಟರ್ ಮುಟ್ಟಲೇ ಇಲ್ಲ. ಇಗ್ನಿಷನ್ ಆನ್ ಮಾಡಿಸಿ, ಸ್ಕ್ರೂಡ್ರೈವರ್ ತುದಿಯನ್ನು ಡೈನಮೋ ಹಿಂದಿನ ಬೇರಿಂಗ್ ಹತ್ತಿರ ಹಿಡಿದ. ಒಳಗೆ ತಿರುಗುವ ರೋಟರ್‌ಗೆ ಕರೆಂಟ್ ಹೋಗುತ್ತಿದ್ದರೆ ಅದು ಅಯಸ್ಕಾಂತವಾಗಿ ಸ್ಕ್ರೂಡ್ರೈವರನ್ನು ಎಳೆಯಬೇಕು. ಎಳೆಯಲಿಲ್ಲ. "ಕಾರ್ಬನ್ ಹೋಗೈತೆ ಸಾರ್" ಅಂದ. ಹಳೇ ಗಾಡಿಗಳಲ್ಲಿ ಮೀಟರ್ ಬೋರ್ಡಿನ ಬ್ಯಾಟರಿ ಲೈಟಿನ ಬಲ್ಬ್ ಸುಟ್ಟರೂ ಚಾರ್ಜ್ ನಿಲ್ಲಬಹುದು. ಯಾಕೆಂದರೆ ರೋಟರ್‌ಗೆ ಮೊದಲ ಕರೆಂಟ್ ಹೋಗುವುದೇ ಆ ಬಲ್ಬ್ ಮೂಲಕ. ಕೀ ತಿರುಗಿಸಿದಾಗ ಲೈಟ್ ಹತ್ತುತ್ತಾ ಅಂತ ಅದನ್ನೂ ನೋಡಿಕೊಂಡ.

ಆಮೇಲಿನ ಕೆಲಸ ನೋಡುವ ಹಾಗಿತ್ತು. ಉದ್ದ ಬೋಲ್ಟ್‌ಗಳನ್ನು ತೆಗೆದು, ಮರದ ಸುತ್ತಿಗೆಯಲ್ಲಿ ತಟ್ಟಿ ಎರಡು ಹೋಳು ಮಾಡಿದ. ಕಾರ್ಬನ್ ಬ್ರಷ್ ಒಂದು ತುಣುಕಷ್ಟೇ ಉಳಿದಿತ್ತು. ಸ್ಟೇಟರ್ (ತಿರುಗದ ಸುರುಳಿ) ತಂತಿಗಳ ಬೆಸುಗೆ ಬಿಡಿಸಿ, ಡಯೋಡ್ ಪ್ಲೇಟಿನ ಒಂದೊಂದು ಡಯೋಡ್‌ಗೂ ಟೆಸ್ಟ್ ಲ್ಯಾಂಪ್ ಮುಟ್ಟಿಸಿದ. ಒಂದು ಕಡೆಯಿಂದ ಹತ್ತಬೇಕು, ತಿರುಗಿಸಿ ಹಿಡಿದರೆ ಹತ್ತಬಾರದು. ಬ್ರಷ್ ಉಜ್ಜುವ ಸ್ಲಿಪ್ ರಿಂಗಿಗೆ ನಯವಾದ ಎಮರಿ ಪೇಪರ್ ತಿಕ್ಕಿ, ಹೊಸ ಬ್ರಷ್ ಕೂರಿಸಿದ. ಜೋಡಿಸುವಾಗ ಸ್ಪ್ರಿಂಗ್ ಬ್ರಷ್‌ಗಳನ್ನು ಹೊರಗೆ ತಳ್ಳಿದರೆ ರೋಟರ್ ಒಳಗೆ ಹೋಗುವುದಿಲ್ಲ. ಅದಕ್ಕೆ ಹಿಂದಿನ ಸಣ್ಣ ತೂತಿನಿಂದ ಒಂದು ತಂತಿ ಚುಚ್ಚಿ ಬ್ರಷ್‌ಗಳನ್ನು ಒಳಗೇ ತಡೆದು, ಎಲ್ಲ ಕೂತ ಮೇಲೆ ಸರಕ್ಕನೆ ತಂತಿ ಎಳೆದ. ಬಿಲ್ ಕೆಲವು ನೂರು ರೂಪಾಯಿ. ಮಿಶಿಗನ್‌ನಲ್ಲಿ ಅಷ್ಟಕ್ಕೆ ಬಾನೆಟ್ ಕೂಡ ಎತ್ತುವುದಿಲ್ಲ.

ಇಷ್ಟೆಲ್ಲ ಗೊತ್ತಿರುವ ಆತನೇ, ಕೆಲಸ ಮುಗಿದ ಮೇಲೆ ಚಾರ್ಜ್ ಬರುತ್ತಿದೆ ಅಂತ ತೋರಿಸಲು ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಳಚಲು ಕೈ ಹಾಕಿದ. ಹಿಡಿದು ನಿಲ್ಲಿಸಿದೆ. ಬ್ಯಾಟರಿ ಕಿತ್ತರೂ ಇಂಜಿನ್ ನಿಲ್ಲದಿದ್ದರೆ ಡೈನಮೋ ಸರಿಯಿದೆ ಅನ್ನುವುದು ಅಂಬಾಸಿಡರ್ ಕಾಲದ ಪರೀಕ್ಷೆ. ಬ್ಯಾಟರಿ ಚಾರ್ಜ್ ಎಳೆಯುತ್ತಿರುವಾಗ ಸಂಪರ್ಕ ತಪ್ಪಿಸಿದರೆ ವೋಲ್ಟೇಜ್ ಕ್ಷಣಮಾತ್ರಕ್ಕೆ ಹತ್ತಾರು ವೋಲ್ಟ್ ನೆಗೆಯುತ್ತದೆ. ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್, ಸುಟ್ಟರೆ ಡೈನಮೋಗೆ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಕೈಬಿಡುತ್ತದೆ. ಇಲ್ಲೂ ಹಳೇ ತಲೆಗಳು ಹೀಗೆ ಮಾಡುವುದುಂಟು. ಎಲ್ಲಿ ಮಾಡಿದರೂ ತಪ್ಪೇ. ಮಲ್ಟಿಮೀಟರ್ ಇರುವಾಗ ಇದ್ಯಾಕೆ?

ಡೈನಮೋ, ಬ್ಯಾಟರಿ ಎರಡೂ ಚೆನ್ನಾಗಿದ್ದೂ ಬೆಳಿಗ್ಗೆ ಗಾಡಿ ಏಳದಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಊರಲ್ಲಿ ನಾನು ಮೊದಲು ಅನುಮಾನಪಡುವುದು ಆಮೇಲೆ ಹಾಕಿಸಿದ ಸ್ಟೀರಿಯೊವನ್ನು. ಕೀಯಿಂದ ಬರಬೇಕಾದ ವೈರ್ ಮತ್ತು ಮೆಮೊರಿ ವೈರ್ ಎರಡನ್ನೂ ಸೇರಿಸಿ ನೇರ ಬ್ಯಾಟರಿ ಲೈನಿಗೆ ಸುತ್ತಿಬಿಟ್ಟಿರುತ್ತಾರೆ, ಕೀ ತೆಗೆದರೂ ಅದು ಕರೆಂಟ್ ಎಳೆಯುತ್ತಲೇ ಇರುತ್ತದೆ. ಕಾರು ಲಾಕ್ ಮಾಡಿ ಅರ್ಧಮುಕ್ಕಾಲು ಗಂಟೆ ಬಿಟ್ಟ ಮೇಲೆ 50 ಮಿಲಿಆಂಪಿಯರ್‌ಗಿಂತ ಕಮ್ಮಿ ಎಳೆಯಬೇಕು. ಅರ್ಧ ಆಂಪಿಯರ್ ಎಳೆದರೆ ದಿನಕ್ಕೆ 12 ಆಂಪಿಯರ್-ಅವರ್. ಸಣ್ಣ ಕಾರಿನ 35ರ ಬ್ಯಾಟರಿ ಮೂರು ದಿನಕ್ಕೆ ಖಾಲಿ. ಇದು ಬಿಚ್ಚಿ ಸಿಗುವ ರೋಗವಲ್ಲ. ಮೀಟರ್ ಹಾಕಿ, ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು.

ಹೊಸ ಕಾರುಗಳು ಬಂದ ಮೇಲೆ ಎರಡೂ ಕಡೆಯವರಿಗೂ ತಲೆನೋವು ಜಾಸ್ತಿಯಾಗಿದೆ. ಈಗೀಗ ಎಷ್ಟೋ ಗಾಡಿಗಳಲ್ಲಿ ನೆಗೆಟಿವ್ ಟರ್ಮಿನಲ್ ಮೇಲೇ ಒಂದು ಸೆನ್ಸರ್ ಕೂತಿರುತ್ತದೆ. ಎಷ್ಟು ಚಾರ್ಜ್ ಬೇಕು ಅಂತ ಕಂಪ್ಯೂಟರ್ ತೀರ್ಮಾನಿಸುತ್ತದೆ. ಸರಾಗವಾಗಿ ಓಡುವಾಗ ವೋಲ್ಟೇಜನ್ನು 13ರ ಕೆಳಗೂ ಇಳಿಸಿ, ಆಕ್ಸಿಲರೇಟರ್ ಬಿಟ್ಟಾಗ ಏರಿಸುತ್ತದೆ, ಪೆಟ್ರೋಲ್ ಉಳಿಯಲಿ ಅಂತ. ಅಂಥ ಕಾರಿಗೆ ಸ್ಕ್ರೂಡ್ರೈವರ್ ಪರೀಕ್ಷೆ ಹೊಂದುವುದಿಲ್ಲ. 14 ಬರಲಿಲ್ಲ ಅಂತ ಡೈನಮೋ ಇಳಿಸಿದರೆ ಅದೂ ತಪ್ಪು. ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಬೇಕು, ವೈರಿಂಗ್ ನಕ್ಷೆ ಬೇಕು.

ಇಲ್ಲಿ ಆ ನಕ್ಷೆ ಸಿಗುತ್ತದೆ. ಎಷ್ಟೋ ಪಬ್ಲಿಕ್ ಲೈಬ್ರರಿಗಳು ಕಾರ್ಡ್ ಇದ್ದವರಿಗೆ ರಿಪೇರಿ ಮಾಹಿತಿಯನ್ನು ಪುಕ್ಕಟೆ ತೋರಿಸುತ್ತವೆ. ಹೊರಗಿನ ಗ್ಯಾರೇಜಿಗೂ ಕಂಪನಿಗಳು ಮಾಹಿತಿ ಕೊಡಲೇಬೇಕು ಅಂತ ಮ್ಯಾಸಚೂಸೆಟ್ಸ್ ಜನ 2012ರಲ್ಲಿ ಮತ ಹಾಕಿ ಕಾನೂನು ತಂದರು. ಭಾರತ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದರ ಪಟ್ಟಿಯಲ್ಲಿ ವಾಹನಗಳೂ ಇದ್ದವು. ತಿಪಟೂರಿನ ಆತನಿಗೆ ಅದರಿಂದ ಏನು ಸಿಕ್ಕಿದೆ ಅಂತ ಕೇಳಿದರೆ ನಗುತ್ತಾನೆ. "ಸ್ಕ್ಯಾನರ್ ತಗಂಡಿದೀನಿ ಸಾರ್. ಕೋಡ್ ತೋರ್ಸುತ್ತೆ. ಆ ಕೋಡಿಗೆ ಯಾವ ವೈರ್ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದನ್ನ ಯಾರೂ ಹೇಳಲ್ಲ. ಕನ್ನಡದಲ್ಲಿ ಒಂದು ಪುಸ್ತಕ ಇದ್ರೆ ಕಳ್ಸಿ." ಹುಡುಕಿದೆ. ಬ್ರಷ್, ಡಯೋಡ್ ಮಟ್ಟದ್ದು ಸಿಕ್ಕಿತು. ಆತ ಕೇಳಿದ್ದು ಸಿಗಲಿಲ್ಲ.