ಹಚ್ರಿ, ಏನೂ ಆಗಂಗಿಲ್ಲ

ಆಲಮಟ್ಟಿ ಹಿನ್ನೀರಿನ ಫೈಬರ್ ದೋಣಿಯ ತಳದಲ್ಲಿ ಕೂರಿಸಿದ ಫಿಟ್ಟಿಂಗಿನ ಸುತ್ತ ನೀರು ಜಿನುಗಿತೆಂದರೆ ಬಾಗಲಕೋಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊದಲು ಕೈಗೆ ಬರುವುದು ಬಾತ್‌ರೂಮಿನ ಸಿಲಿಕಾನ್ ಟ್ಯೂಬು. ‘ನೀರಿಗೇ ಮಾಡಿದ್ದೈತ್ರಿ, ಹಚ್ರಿ, ಏನೂ ಆಗಂಗಿಲ್ಲ!’ ನಿಜ, ನೀರಿಗೇ ಮಾಡಿದ್ದು. ಆದರೆ ಬಾತ್‌ರೂಮು ತೇಲಬೇಕಾಗಿಲ್ಲವಲ್ಲ. ವಿನೆಗರ್ ನಾತ ಹೊಡೆಯುವ ಆ ಸಿಲಿಕಾನ್ ಫಿಟ್ಟಿಂಗಿನ ಹಿತ್ತಾಳೆಯನ್ನು ತಿನ್ನುತ್ತದೆ. ಕೆರೆದು ತೆಗೆದರೂ ಕಣ್ಣಿಗೆ ಕಾಣದ ಜಿಡ್ಡು ಉಳಿದು, ಮುಂದೆ ಬಣ್ಣವೂ ಹಿಡಿಯದು, ಸಂದು ಮುಚ್ಚುವ ಬೇರೆ ಅಂಟು, ಅಂದರೆ ಸೀಲಂಟೂ ಕೂರದು. ಎರಡು ಉಂಡೆ ಕಲಸಿ ಮೆತ್ತುವ ಎಪಾಕ್ಸಿ ಪುಟ್ಟಿ ಕಲ್ಲಿನಷ್ಟು ಗಟ್ಟಿ, ಅದೇ ಅದರ ದೋಷ: ಎಂಜಿನ್ ನಡುಗಿದಾಗ ತಳ ಬಾಗುತ್ತದೆ, ಪುಟ್ಟಿ ಬಿರಿಯುತ್ತದೆ. ಹರಗೋಲಿನವರಿಗೆ ಈ ತಲೆನೋವಿಲ್ಲ. ಡಾಂಬರು ಬಳಿದರಾಯಿತು, ನಟ್ಟು ಬೋಲ್ಟಿನ ಮಾತೇ ಇಲ್ಲ.

ನೀರೊಳಗಿನ ಫಿಟ್ಟಿಂಗಿಗೆ ಬೇಕಾದದ್ದು ದೋಣಿಗೆಂದೇ ಮಾಡಿದ ಪಾಲಿಯುರೆಥೇನ್ ಸೀಲಂಟ್. ಅದರಲ್ಲೂ ‘ಎಲ್ಲಕ್ಕಿಂತ ಗಟ್ಟೀದ್ ಕೊಡ್ರಿ’ ಎನ್ನಬಾರದು. 3ಎಂ ಕಂಪನಿಯ 5200 ಎಂಬ ಸೀಲಂಟ್ ಹಾಕಿದರೆ ಆ ಜೋಡಣೆ ಕಾಯಂ. ನಾಳೆ ಬಿಚ್ಚಹೊರಟರೆ ಫೈಬರಿನ ಮೇಲಿನ ನುಣುಪು ಪದರ, ಜೆಲ್‌ಕೋಟೂ ಕಿತ್ತು ಬರುತ್ತದೆ. ಎಂದಾದರೂ ಬಿಚ್ಚಲೇಬೇಕಾದ ಥ್ರೂ-ಹಲ್ (ತಳ ತೂರಿ ಹೋಗುವ ಕೊಳವೆ), ಡ್ರೇನ್ ಫಿಟ್ಟಿಂಗಿಗೆ ಅದೇ ಕಂಪನಿಯ 4200 ಅಥವಾ ಸಿಕಾಫ್ಲೆಕ್ಸ್ 291 ಸಾಕು. ಪಾಲಿಸಲ್ಫೈಡ್ ಎಂಬ ಇನ್ನೊಂದು ಬಗೆಯ ಸೀಲಂಟ್ ಕೂಡ ಒಳ್ಳೆಯದೇ, ಪಿವಿಸಿ, ಎಬಿಎಸ್ ಪ್ಲಾಸ್ಟಿಕ್ಕಿಗೆ ಮಾತ್ರ ಬೇಡ, ಅವನ್ನು ಕೆಡಿಸುತ್ತದೆ.

ಕೆಲಸಕ್ಕೆ ನೀರು ಇಳಿದು ದೋಣಿ ದಡದಲ್ಲಿರುವ ಬೇಸಿಗೆಯೇ ಸರಿ. ಹಳೆಯದನ್ನೂ ಎರೆಮಣ್ಣಿನ ಪದರವನ್ನೂ ಪೂರ್ತಿ ಕೆರೆದು, 80 ನಂಬರಿನ ಮರಳುಕಾಗದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ ಒಣಗಿಸಿ. ತಳದೊಳಗೆ ಪ್ಲೈವುಡ್ ಇದ್ದರೆ ಮರ ನೀರು ಕುಡಿಯದಂತೆ ತೂತಿನ ಅಂಚಿಗೆ ಮೊದಲು ಎಪಾಕ್ಸಿ ಬಳಿಯಿರಿ. ಸುತ್ತ ಟೇಪ್ ಅಂಟಿಸಿ, ಫಿಟ್ಟಿಂಗಿನ ಅಂಚಿಗೂ ನಟ್ಟು ಸುತ್ತುವ ಗೆರೆಗಳಿಗೂ ಸೀಲಂಟ್ ಧಾರಾಳವಾಗಿ ಹಚ್ಚಿ ಕೂರಿಸಿ. ಒಬ್ಬರು ಹೊರಗಿನಿಂದ ಫಿಟ್ಟಿಂಗಿನ ತಲೆ ಹಿಡಿದಿರಲಿ, ಇನ್ನೊಬ್ಬರು ಒಳಗಿನ ನಟ್ಟನ್ನಷ್ಟೇ ತಿರುಗಿಸಲಿ. ಸುತ್ತಲೂ ಒಂದೇ ಸಮ ಸೀಲಂಟ್ ಹೊರಬಂದ ಕೂಡಲೇ ಸಾಕು. ಗಂಡಸ್ತನ ತೋರಿಸಲು ಇನ್ನರ್ಧ ಸುತ್ತು ಬಿಗಿದರೆ ಸೀಲಂಟೆಲ್ಲ ಹೊರಗೆ ಬಂದು ಒಳಗೆ ಬರೀ ಲೋಹ ಉಳಿಯುತ್ತದೆ.

ಇಷ್ಟರಲ್ಲಿ ಬಿಳಿ ಅಂಟು ಬೆರಳಿಂದ ಮೊಬೈಲಿಗೆ, ಮೊಬೈಲಿಂದ ಗಡ್ಡಕ್ಕೆ ಹತ್ತಿರುತ್ತದೆ. ಕೈಯನ್ನು ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಸ್ಯಾನಿಟೈಸರಿನಲ್ಲಿ ಬೆರಳದ್ದಿ ಅಂಚನ್ನು ನುಣುಪು ಮಾಡುವ ಜಾಣರಿದ್ದಾರೆ. ಆಲ್ಕೋಹಾಲ್ ತಾಗಿದ ಹಸಿ ಪಾಲಿಯುರೆಥೇನ್ ಗಟ್ಟಿಯಾಗುವುದೇ ಇಲ್ಲ. ಇದು ಗಟ್ಟಿಯಾಗುವುದು ಗಾಳಿಯ ತೇವ ಕುಡಿದು. ಏಪ್ರಿಲ್‌ನ ಒಣ ಬಿಸಿಲಲ್ಲಿ ಮೇಲೆ ಸಿಪ್ಪೆ ಕಟ್ಟಿದರೂ ಒಳಗೆ ಹಸಿಯೇ. 5200 ಹಚ್ಚಿದ್ದರೆ ಪೂರ್ತಿ ಗಟ್ಟಿಯಾಗಲು 5ರಿಂದ 7 ದಿನ ಬೇಕು, ಇಲ್ಲಿ ಇನ್ನೂ ಒಂದೆರಡು ದಿನ ಬಿಟ್ಟರೆ ನಷ್ಟವಿಲ್ಲ. ನೀರಿಗಿಳಿಸಿದ ದಿನ ಫಿಟ್ಟಿಂಗಿನ ಕೆಳಗೆ ಹಳೆಯ ಪೇಪರ್ ಹಾಸಿ ಒಂದು ತಾಸು ಕಾಯಿರಿ; ಒಂದು ಹನಿ ಬಿದ್ದರೂ ಅದರಲ್ಲೇ ಗೊತ್ತಾಗುತ್ತದೆ.